‘ನ್ಯಾಯಬೆಲೆ’ ಎಂಬ ಪದದೊಳಗೊಂದು ಜಗಳ

ತಿಂಗಳ ಎರಡನೇ ವಾರ. ಬೆಳಿಗ್ಗೆ ಏಳೂವರೆಗೇ ರೇಷನ್ ಅಂಗಡಿ ಮುಂದೆ ಚೀಲಗಳ ಸಾಲು, ಚೀಲದವರು ಪಕ್ಕದ ಮನೆಯ ಜಗಲಿ ಮೇಲೆ. ಸರ್ವರ್ ಬರುತ್ತದೆ, ಹೋಗುತ್ತದೆ. ಒಬ್ಬ ಹೆಂಗಸು ಮೂರು ಸಲ ಹೆಬ್ಬೆಟ್ಟು ಒತ್ತಿದರೂ ಮಷಿನ್ ಒಪ್ಪಲಿಲ್ಲ. ನಾಲ್ಕು ಮನೆಯ ಪಾತ್ರೆ ತಿಕ್ಕಿ ಗೆರೆ ಸವೆದ ಬೆರಳು ಅದು. ಸೆರಗಿಗೆ ಒರೆಸಿ, ಬಾಯಿಯ ಹಬೆ ಊದಿ ಮತ್ತೆ ಒತ್ತಿದಾಗ ಚೀಟಿ ಹೊರಬಂತು.

2023ರ ಜುಲೈನಲ್ಲಿ ಇದೇ ಜಗಲಿ ಮೇಲೆ ಒಂದು ವಾದ ಕೇಳಿಸಿಕೊಂಡಿದ್ದೆ. ಆಗಷ್ಟೇ ಅಧಿಕಾರಕ್ಕೆ ಬಂದಿದ್ದ ರಾಜ್ಯ ಸರ್ಕಾರ ಅನ್ನಭಾಗ್ಯದಲ್ಲಿ ತಲೆಗೆ ಹತ್ತು ಕೆಜಿ ಅಕ್ಕಿ ಕೊಡುವ ಮಾತು ಕೊಟ್ಟಿತ್ತು. ಐದು ಕೆಜಿ ಕೇಂದ್ರದ ಪಾಲಿನಿಂದ ಬರುತ್ತಿತ್ತು. ಉಳಿದ ಐದು ಕೆಜಿಯನ್ನು ಆಹಾರ ನಿಗಮದಿಂದ ಕೊಂಡು ಕೊಡೋಣವೆಂದರೆ, ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನೇ ಕೇಂದ್ರ ಜೂನ್‌ನಲ್ಲಿ ನಿಲ್ಲಿಸಿಬಿಟ್ಟಿತು. ಅಕ್ಕಿ ಸಿಗುವವರೆಗೆ ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿಯನ್ನು ಮನೆಯ ಮುಖ್ಯಸ್ಥರ ಖಾತೆಗೆ ಹಾಕುವುದು ಎಂದಾಯಿತು.

‘ದುಡ್ಡೇ ವಾಸಿ ಕಣಕ್ಕ. ಹೋದ ತಿಂಗಳ ಅಕ್ಕಿಗೇ ಹುಳ ಹಿಡಿದಿದೆ. ಎಣ್ಣೆಗಾಗುತ್ತೆ, ಬೇಳೆಗಾಗುತ್ತೆ’ ಅಂದಳು ಒಬ್ಬಳು. ‘ನಿನ್ನ ಕೈಗೆ ಬರುತ್ತಲ್ಲ, ಅದಕ್ಕೆ ಹಂಗಂತೀಯ. ನಮ್ಮನೇಲಿ ಕಾರ್ಡು ಯಜಮಾನರ ಹೆಸರಲ್ಲಿದೆ. ಅಕ್ಕಿನ ಬಾರಲ್ಲಿ ಇಸ್ಕೊಳ್ಳಲ್ಲ, ದುಡ್ಡನ್ನ ಇಸ್ಕೋತಾರೆ’ ಅಂದಳು ಇನ್ನೊಬ್ಬಳು. ಮೂರನೆಯವರು ಸ್ವಲ್ಪ ವಯಸ್ಸಾದವರು. ಅವರ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ. ಬ್ಯಾಂಕಿಗೆ ಮೂರು ಸಲ ಅಲೆದ ಆಟೋ ಖರ್ಚನ್ನು ಆ 170ರಲ್ಲಿ ಕಳೆದರೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು.

ಮೂವರ ಮಾತೂ ಸರಿಯೇ. ಅವರವರ ಮನೆಯ ಡಬ್ಬಿಯಲ್ಲಿ ಏನಿದೆ, ದುಡ್ಡು ಯಾರ ಜೇಬಿಗೆ ಹೋಗುತ್ತದೆ ಎಂಬುದು ಅವರವರಿಗೆ ಗೊತ್ತು. ವಿಧಾನಸೌಧಕ್ಕೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ.

ಅಂಗಡಿಯ ಬೋರ್ಡಿನಲ್ಲಿ ಎಂದಿನಂತೆ ‘ನ್ಯಾಯಬೆಲೆ ಅಂಗಡಿ’ ಎಂದು ಬರೆದಿತ್ತು. ಹುಟ್ಟಿದಾಗಿನಿಂದ ಓದುತ್ತಿರುವ ಪದವಾದ್ದರಿಂದ ನಮಗದು ಒಂದೇ ಪದ. ಬಿಡಿಸಿ ನೋಡಿದರೆ ನ್ಯಾಯ ಮತ್ತು ಬೆಲೆ. ಇವೆರಡನ್ನೂ ಒಂದೇ ಬೋರ್ಡಿನಲ್ಲಿ ಕೂರಿಸುವುದೇ ತಪ್ಪು ಎಂದು ಜೀವಮಾನವಿಡೀ ವಾದಿಸಿದ ಅರ್ಥಶಾಸ್ತ್ರಜ್ಞರೊಬ್ಬರಿದ್ದರು. ಬೆಲೆ ಎಂಬುದು ಸುದ್ದಿ, ಸುದ್ದಿಯಲ್ಲಿ ನ್ಯಾಯ ಅನ್ಯಾಯ ಎಲ್ಲಿಂದ ಬರಬೇಕು ಎಂಬುದು ಅವರ ತಕರಾರು. ಅವರು ವಿಯೆನ್ನಾದಲ್ಲಿ 1899ರಲ್ಲಿ ಹುಟ್ಟಿದ ಫ್ರೆಡ್ರಿಕ್ ಹಯೆಕ್. ಉಚಿತ ಯೋಜನೆ, ಮೀಸಲಾತಿ, ಬೆಂಬಲ ಬೆಲೆ ಎಂದು ನಾವು ದಿನವೂ ಟೀವಿಯಲ್ಲಿ ಕೇಳುವ ಕೂಗಾಟದ ಒಂದು ತುದಿ ಅವರ ಮಾತಿಗೆ ಕಟ್ಟಿಕೊಂಡಿದೆ. ಕೂಗುವವರಲ್ಲಿ ಹೆಚ್ಚಿನವರಿಗೆ ಅವರ ಹೆಸರು ಗೊತ್ತಿರಲಿಕ್ಕಿಲ್ಲ ಅಷ್ಟೇ.

ಹಯೆಕ್ 1945ರಲ್ಲಿ ಹನ್ನೆರಡು ಪುಟದ ಒಂದು ಪ್ರಬಂಧ ಬರೆದರು. ದೇಶದ ಉತ್ಪಾದನೆಯನ್ನೆಲ್ಲ ಒಂದು ಯೋಜನಾ ಮಂಡಳಿ ಕೂತು ತೀರ್ಮಾನಿಸಬಹುದು, ಗಣಿತ ಸರಿಯಾಗಿದ್ದರೆ ಸಾಕು ಎಂಬ ನಂಬಿಕೆ ಬಲವಾಗಿದ್ದ ಕಾಲ ಅದು. ಹಯೆಕ್ ಗಣಿತದ ತಂಟೆಗೇ ಹೋಗಲಿಲ್ಲ. ಲೆಕ್ಕಕ್ಕೆ ಬೇಕಾದ ಅಂಕಿಗಳು ಎಲ್ಲಿವೆ ಎಂದು ಕೇಳಿದರು. ಅವು ಒಂದು ಕಡೆ ಇಲ್ಲ, ಲಕ್ಷಾಂತರ ಜನರ ತಲೆಯಲ್ಲಿ ಚೂರುಚೂರಾಗಿ ಚದುರಿಕೊಂಡಿವೆ. ಎಷ್ಟೋ ಸಲ ಆ ಜನರಿಗೇ ಅದನ್ನು ಬಾಯಿಬಿಟ್ಟು ಹೇಳಲು ಬರುವುದಿಲ್ಲ. ನಮ್ಮ ಕಡೆಯ ಉದಾಹರಣೆ ಹೇಳುವುದಾದರೆ, ಚಿಂತಾಮಣಿಗೆ ಲೋಡು ಇಳಿಸಿ ಖಾಲಿ ವಾಪಸಾಗುತ್ತಿರುವ ಲಾರಿ ಇಂದು ಸಂಜೆ ಯಾವ ಡಾಬಾದ ಹತ್ತಿರ ನಿಂತಿರುತ್ತದೆ ಎಂಬುದು ಒಬ್ಬ ಬ್ರೋಕರ್‌ಗೆ ಗೊತ್ತಿರುತ್ತದೆ. ಅದನ್ನು ಯಾವ ಇಲಾಖೆ ಯಾವ ನಮೂನೆಯಲ್ಲಿ ತುಂಬಿಸಿಕೊಳ್ಳುತ್ತದೆ?

ಈ ಚೂರುಗಳನ್ನು ಜೋಡಿಸುವ ಕೆಲಸವನ್ನು ಬೆಲೆ ಮಾಡುತ್ತದೆ ಎಂದರು ಹಯೆಕ್. ಅವರು ಕೊಟ್ಟ ಉದಾಹರಣೆ ತವರದ್ದು. ಜಗತ್ತಿನ ಯಾವುದೋ ಮೂಲೆಯಲ್ಲಿ ತವರದ ಗಣಿ ಮುಚ್ಚಿರಬಹುದು, ಅಥವಾ ತವರಕ್ಕೆ ಹೊಸದೊಂದು ಬಳಕೆ ಸಿಕ್ಕಿರಬಹುದು. ಡಬ್ಬ ಮಾಡುವವನಿಗೆ ಕಾರಣ ತಿಳಿಯಬೇಕಿಲ್ಲ. ರೇಟು ಏರಿದ್ದು ಕಂಡರೆ ಸಾಕು, ತಾನಾಗಿ ಕಮ್ಮಿ ಬಳಸುತ್ತಾನೆ.

ಇದು ಪುಸ್ತಕದ ಮಾತಾಯಿತು. ಕೇಂದ್ರಕ್ಕೆ ಊರಿನ ಸಂಗತಿ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂದು ನೋಡಲು ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ರೋಸ್ ಈರುಳ್ಳಿಯ ಕಥೆ ಸಾಕು. ಗುಲಾಬಿ ಬಣ್ಣದ ಪುಟ್ಟ ಗಡ್ಡೆ, ಘಾಟು ಜಾಸ್ತಿ. ಬೆಳೆಯುವವರ ಮನೆಯ ಅಡುಗೆಗೂ ಅದು ಅಷ್ಟಾಗಿ ಬಳಕೆಯಲ್ಲಿಲ್ಲ. ಬಹುಪಾಲು ಹೋಗುವುದು ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾದ ಕಡೆಗೆ. ಈ ಸಂಗತಿ ಆ ಭಾಗದ ಶಾಲೆಯ ಹುಡುಗರಿಗೂ ಗೊತ್ತು.

2020ರ ಸೆಪ್ಟೆಂಬರ್ 14ರಂದು ದೆಹಲಿ ಈರುಳ್ಳಿ ರಫ್ತು ನಿಷೇಧಿಸಿತು. ಉತ್ತರದ ಪೇಟೆಗಳಲ್ಲಿ ಬೆಲೆ ಏರುತ್ತಿತ್ತು, ಗೃಹಿಣಿಯ ಕಣ್ಣೀರು ಒರೆಸಬೇಕಿತ್ತು. ಆ ಆದೇಶದಲ್ಲಿ ಬೆಂಗಳೂರು ರೋಸ್ ಕೂಡ ಸೇರಿಹೋಯಿತು. ದೇಶದೊಳಗೆ ಕೇಳುವವರಿಲ್ಲದ ಈರುಳ್ಳಿಯನ್ನು ದೇಶದೊಳಗೇ ಹಿಡಿದಿಟ್ಟರೆ ಯಾರ ಒಗ್ಗರಣೆಗೂ ಅದು ಬೀಳುವುದಿಲ್ಲ, ಕೊಳೆಯುತ್ತದೆ. ರೈತರು ಬೀದಿಗಿಳಿದು, ಸಂಸದರು ಪತ್ರ ಬರೆದು, ಸುಮಾರು ನಾಲ್ಕು ವಾರದ ಮೇಲೆ ಅಕ್ಟೋಬರ್ 9ರಂದು ಹತ್ತು ಸಾವಿರ ಟನ್ನಿಗೆ ಅನುಮತಿ ಬಂತು. ಅದಕ್ಕೂ ಷರತ್ತು: ಇದು ರೋಸ್ ಈರುಳ್ಳಿಯೇ ಎಂದು ರಾಜ್ಯದ ತೋಟಗಾರಿಕೆ ಇಲಾಖೆಯ ಪ್ರಮಾಣಪತ್ರ ಬೇಕು, ಚೆನ್ನೈ ಬಂದರಿನಿಂದಲೇ ಹೋಗಬೇಕು. ಒಂದು ಸಲ ಎಡವಿದರೆ ಕಲಿತಾರು ಅಂದುಕೊಳ್ಳುತ್ತೇವೆ. 2023ರ ಆಗಸ್ಟ್‌ನಲ್ಲಿ ಈರುಳ್ಳಿ ರಫ್ತಿಗೆ ಶೇ 40ರಷ್ಟು ಸುಂಕ ಹಾಕಿದಾಗ ಮತ್ತೆ ರೋಸ್ ಈರುಳ್ಳಿಯೂ ಅದರಡಿ ಸಿಕ್ಕಿಬಿತ್ತು, ಮತ್ತೆ ಮನವಿ, ಮತ್ತೆ ತಿಂಗಳ ಮೇಲೆ ವಿನಾಯಿತಿ.

ಇಲ್ಲಿ ಯಾರೂ ಕೆಟ್ಟವರಲ್ಲ. ಆದೇಶಕ್ಕೆ ಸಹಿ ಹಾಕಿದ ಅಧಿಕಾರಿಗೆ ‘ಈರುಳ್ಳಿ’ ಎಂಬುದು ಒಂದೇ ಪದ, ಕಡತದಲ್ಲಿ ಒಂದೇ ಸಂಖ್ಯೆ. ಗುಡಿಬಂಡೆಯ ರೈತನಿಗೆ ಅದು ಎರಡು ಬೇರೆ ಬೇರೆ ಬೆಳೆ. ಹಯೆಕ್ ವಾದದ ಶಕ್ತಿ ಇರುವುದು ಇಲ್ಲಿಯೇ. ಸರ್ಕಾರ ಕಳ್ಳ ಎಂದೋ ಸೋಮಾರಿ ಎಂದೋ ಅವರು ಬೈಯಲಿಲ್ಲ. ಪ್ರಾಮಾಣಿಕ, ಬುದ್ಧಿವಂತ, ಹಗಲಿರುಳು ದುಡಿಯುವ ಸರ್ಕಾರಕ್ಕೂ ಇದು ಗೊತ್ತಾಗುವುದಿಲ್ಲ ಎಂದರು.

ಸುದ್ದಿ ಸರಾಗವಾಗಿ ಹರಿದರೆ ಎಷ್ಟು ಒಳ್ಳೆಯದಾಗುತ್ತದೆ ಎಂಬುದಕ್ಕೂ ನಮ್ಮ ಪಕ್ಕದಲ್ಲೇ ಸಾಕ್ಷಿ ಇದೆ. 1997ರಿಂದ 2001ರ ನಡುವೆ ಉತ್ತರ ಕೇರಳದ ಕರಾವಳಿಗೆ, ಕಾಸರಗೋಡಿನವರೆಗೂ, ಮೊಬೈಲ್ ಫೋನ್ ಹಂತಹಂತವಾಗಿ ಬಂತು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅಲ್ಲಿಯ ಬೂತಾಯಿ ಮೀನಿನ ವ್ಯಾಪಾರವನ್ನು ಹಿಂದೆಯೂ ಮುಂದೆಯೂ ಅಳೆದು ನೋಡಿದರು. ಫೋನ್ ಬರುವ ಮುಂಚೆ ಒಂದು ಕಡಲತೀರದಲ್ಲಿ ಕೊಳ್ಳುವವರಿಲ್ಲದೆ ಮೀನನ್ನು ಚೆಲ್ಲುತ್ತಿದ್ದರು. ಅದೇ ಬೆಳಿಗ್ಗೆ ಹದಿನೈದು ಕಿಲೋಮೀಟರ್ ಒಳಗಿನ ಇನ್ನೊಂದು ತೀರದಲ್ಲಿ ಮೀನು ಸಿಗದೆ ವ್ಯಾಪಾರಿಗಳು ಬುಟ್ಟಿ ಹಿಡಿದು ವಾಪಸಾಗುತ್ತಿದ್ದರು. ಫೋನ್ ಬಂದ ಮೇಲೆ ದೋಣಿಯವರು ನೀರಿನ ಮೇಲಿಂದಲೇ ರೇಟು ಕೇಳಿ ಯಾವ ತೀರಕ್ಕೆ ತಿರುಗಬೇಕೆಂದು ತೀರ್ಮಾನಿಸತೊಡಗಿದರು. ಮೀನುಗಾರರ ಲಾಭ ಶೇ 8ರಷ್ಟು ಏರಿತು, ಗ್ರಾಹಕರು ಕೊಡುವ ಬೆಲೆ ಶೇ 4ರಷ್ಟು ಇಳಿಯಿತು, ಚೆಲ್ಲುವ ಮೀನು ಇಲ್ಲವೆನ್ನುವಷ್ಟಾಯಿತು. ಯಾವ ಸಮಿತಿಯೂ ಮೀನು ಹಂಚಲಿಲ್ಲ.

ಈ ಕರಾವಳಿಗೂ ಹಯೆಕ್ ವಿಚಾರಕ್ಕೂ ಹಳೆಯ ನಂಟೊಂದಿದೆ. ಅವಿಭಜಿತ ದಕ್ಷಿಣ ಕನ್ನಡದ ಬೆಳ್ಳಿಕೋತಿನಲ್ಲಿ 1905ರಲ್ಲಿ ಹುಟ್ಟಿದ ಬಿ.ಆರ್. ಶೆಣೈ ಲಂಡನ್ನಿನಲ್ಲಿ ಓದುತ್ತಿದ್ದಾಗ ಆ ಚಿಂತನೆಯ ಗಾಳಿ ಕುಡಿದವರು. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯನ್ನು ಪರಿಶೀಲಿಸಲು ಕೂತ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಎಲ್ಲರೂ ತಲೆಯಾಡಿಸಿದಾಗ ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ಇಲ್ಲದ ದುಡ್ಡನ್ನು ಅಚ್ಚು ಹಾಕಿ ಯೋಜನೆ ಮಾಡಬೇಡಿ, ಲೈಸೆನ್ಸು ಪರ್ಮಿಟ್ಟಿನ ಜಾಲ ಹೆಣೆಯಬೇಡಿ ಎಂದರು. ಬಡವರ ಹೆಸರಿನಲ್ಲಿ ಬಂದ ಲೈಸೆನ್ಸುಗಳನ್ನು ಕೊನೆಗೆ ದೊಡ್ಡ ಉದ್ಯಮ ಮನೆತನಗಳೇ ಬಾಚಿಕೊಂಡವು ಎಂಬುದು ಅರವತ್ತರ ದಶಕದ ಕೊನೆಯ ಹೊತ್ತಿಗೆ ಸರ್ಕಾರದ್ದೇ ವಿಚಾರಣೆಗಳಲ್ಲಿ ಹೊರಬಂತು. ನಮ್ಮ ಪಠ್ಯಪುಸ್ತಕಗಳಲ್ಲಿ ಶೆಣೈಗೆ ಒಂದು ಸಾಲಿನ ಜಾಗವೂ ಸಿಗಲಿಲ್ಲ. ಅವರ ಮಾತನ್ನೆಲ್ಲ ಒಪ್ಪಬೇಕೆಂದಿಲ್ಲ, ಆದರೂ ಹೆಸರಾದರೂ ಗೊತ್ತಿರಬೇಕಿತ್ತು.

ಇಲ್ಲಿಯವರೆಗೆ ನನಗೆ ಹಯೆಕ್ ಜೊತೆ ತಕರಾರಿಲ್ಲ. ತಕರಾರು ಮುಂದಿನ ಹೆಜ್ಜೆಯಲ್ಲಿ.

1974ರಲ್ಲಿ ಅವರಿಗೆ ನೊಬೆಲ್ ಬಂತು, ಅವರಿಗೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿದ್ದ ಗುನ್ನಾರ್ ಮಿರ್ಡಾಲ್ ಜೊತೆಗೆ. ಎರಡು ವರ್ಷದ ಮೇಲೆ ‘ಸಾಮಾಜಿಕ ನ್ಯಾಯ’ ಎಂಬುದು ಬರೀ ಮರೀಚಿಕೆ ಎಂದು ಒಂದು ಪುಸ್ತಕವನ್ನೇ ಬರೆದರು. ವಾದ ಸರಳವಾಗಿದೆ. ನ್ಯಾಯ ಅನ್ಯಾಯ ಎಂಬುದು ಮನುಷ್ಯರು ಮಾಡುವ ಕೆಲಸಕ್ಕೆ ಅನ್ವಯಿಸುವ ಮಾತು. ಆಲಿಕಲ್ಲು ಮಳೆ ನಿಮ್ಮ ದ್ರಾಕ್ಷಿತೋಟ ಹಾಳು ಮಾಡಿ ಪಕ್ಕದವನ ತೋಟ ಬಿಟ್ಟರೆ ಅದನ್ನು ದುರದೃಷ್ಟ ಎನ್ನುತ್ತೇವೆ, ಅನ್ಯಾಯ ಎನ್ನುವುದಿಲ್ಲ. ಮಾರುಕಟ್ಟೆಯಲ್ಲಿ ಯಾರಿಗೆ ಎಷ್ಟು ಸಿಗಬೇಕೆಂದು ಯಾರೂ ಕೂತು ತೀರ್ಮಾನಿಸಿರುವುದಿಲ್ಲ. ಕೋಟ್ಯಂತರ ಜನ ತಮ್ಮತಮ್ಮ ಪಾಡಿಗೆ ಕೊಂಡು ಮಾರಿದ್ದರ ಫಲ ಅದು. ಹಾಗಿದ್ದ ಮೇಲೆ ಯಾರ ಮೇಲೆ ಅನ್ಯಾಯದ ದೂರು ಕೊಡುತ್ತೀರಿ?

ಈ ವಾದದಲ್ಲಿ ಒಂದು ಪ್ರಾಮಾಣಿಕತೆ ಇದೆ, ಅದನ್ನು ಅವರ ಅಭಿಮಾನಿಗಳೇ ಮುಚ್ಚಿಡುತ್ತಾರೆ. ಮಾರುಕಟ್ಟೆ ಯೋಗ್ಯತೆಗೆ ತಕ್ಕ ಫಲ ಕೊಡುತ್ತದೆ ಎಂದು ಹಯೆಕ್ ಹೇಳಲಿಲ್ಲ. ಹಾಗೆ ಹೇಳಿ ಮಾರುಕಟ್ಟೆಯನ್ನು ಸಮರ್ಥಿಸುವುದೇ ಒಂದು ದುರಂತ ಎಂದರು. ಕೋಲಾರದ ಎಪಿಎಂಸಿಯಲ್ಲಿ 2023ರ ಜುಲೈನಲ್ಲಿ ಹದಿನೈದು ಕೆಜಿಯ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಆ ವಾರ ಕಾಯಿ ಕೊಯ್ದವನು ಕಾರು ಕೊಂಡ, ಟೀವಿಯಲ್ಲಿ ಬಂದ. ಅವನಷ್ಟೇ ಗೊಬ್ಬರ ಹಾಕಿ, ಅಷ್ಟೇ ಕಡ್ಡಿ ಊರಿ, ಸಾವಿರ ಅಡಿಯ ಬೋರಿನ ನೀರನ್ನೇ ಹನಿಸಿ ಎರಡು ತಿಂಗಳ ಮೇಲೆ ಕೊಯ್ದವನಿಗೆ ಬಿಡಿಸಿದ ಕೂಲಿಯೂ ಹುಟ್ಟಲಿಲ್ಲ. ಇಬ್ಬರ ಯೋಗ್ಯತೆಯಲ್ಲಿ ವ್ಯತ್ಯಾಸವಿತ್ತೇ? ‘ನಾನು ಮೆರಿಟ್‌ನಿಂದ ಮೇಲೆ ಬಂದೆ, ಇವರೆಲ್ಲ ಬಿಟ್ಟಿಭಾಗ್ಯ ತಿನ್ನುವವರು’ ಎಂದು ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆಯುವವರಿಗೆ ಹಯೆಕ್‌ನಿಂದ ಯಾವ ಸಹಾಯವೂ ಸಿಗುವುದಿಲ್ಲ. ಇನ್ನೊಂದನ್ನೂ ಸೇರಿಸಬೇಕು. ಯಾರೂ ಹಸಿದು ಸಾಯದಂತೆ ಅನ್ನ, ಬಟ್ಟೆ, ಸೂರಿನ ಒಂದು ಕನಿಷ್ಠ ಮಟ್ಟವನ್ನು ಸರ್ಕಾರ ಎಲ್ಲರಿಗೂ ಕೊಡಬಹುದು ಎಂದು ಅವರು 1944ರಷ್ಟು ಹಿಂದೆಯೇ ಒಪ್ಪಿದ್ದರು.

ಟೊಮೆಟೊ ವಿಷಯ ಬಂದದ್ದರಿಂದ ಒಂದು ಮಾತು. ಬೆಲೆ ಸುದ್ದಿ ತರುತ್ತದೆ ನಿಜ, ತರುವುದು ಹಳೆಯ ಸುದ್ದಿ. ಜುಲೈನ ಬೆಲೆ ಹೇಳುವುದು ಏಪ್ರಿಲ್‌ನಲ್ಲಿ ಎಷ್ಟು ಜನ ನಾಟಿ ಮಾಡಲಿಲ್ಲ ಎಂಬುದನ್ನು. ಅದನ್ನು ನೋಡಿ ಊರೆಲ್ಲ ನಾಟಿ ಮಾಡಿದರೆ ಫಸಲು ಒಟ್ಟಿಗೇ ಮಂಡಿಗೆ ಬರುತ್ತದೆ. ಮುಂದೆ ಏನಾಗಲಿದೆ ಎಂಬ ಅಂದಾಜು ಯಾರಿಗಾದರೂ ಇದ್ದರೆ ಅದು ನರ್ಸರಿಯವನಿಗೆ. ಯಾರು ಎಷ್ಟು ಟ್ರೇ ಪೈರು ಒಯ್ದರು ಎಂಬ ಲೆಕ್ಕ ಅವನ ಪುಸ್ತಕದಲ್ಲಿರುತ್ತದೆ. ಮಾಲೂರು, ಚಿಂತಾಮಣಿ ಸುತ್ತಲಿನ ನರ್ಸರಿಗಳ ಲೆಕ್ಕವನ್ನು ವಾರಕ್ಕೊಮ್ಮೆ ಕೂಡಿಸಿ ಬೋರ್ಡಿಗೆ ಬರೆದು ಹಾಕಿದರೆ ಸಾಕು, ಎಷ್ಟೋ ಮನೆ ಸಾಲದಿಂದ ಉಳಿದಾವು. ಬೆಲೆ ನಿಗದಿ ಮಾಡಲು ಹೋಗುವ ಸರ್ಕಾರಕ್ಕೆ ಈ ಸಣ್ಣ ಕೆಲಸ ಯಾಕೋ ಹೊಳೆಯುವುದಿಲ್ಲ.

ಆಲಿಕಲ್ಲಿನ ಹೋಲಿಕೆಗೆ ಬರೋಣ. ಅದು ಎಲ್ಲಿ ಕುಂಟುತ್ತದೆ?

ದನಗಳ ಜಾತ್ರೆಯಲ್ಲಿ ವ್ಯಾಪಾರ ನೋಡಿದವರಿಗೆ ಗೊತ್ತು. ಕೊಳ್ಳುವವನ ದಲ್ಲಾಳಿ, ಮಾರುವವನ ದಲ್ಲಾಳಿ ಎದುರೆದುರು ನಿಲ್ಲುತ್ತಾರೆ. ಕೈಗಳ ಮೇಲೆ ಒಂದು ಟವೆಲ್. ಅದರಡಿ ಬೆರಳು ಹಿಡಿದು ಅದುಮಿ ರೇಟು ಹೇಳುತ್ತಾರೆ. ಮುಖದಲ್ಲಿ ಏನೂ ಕಾಣುವುದಿಲ್ಲ. ಒಂದು ಬೆರಳು ಸಾವಿರವೋ ಹತ್ತು ಸಾವಿರವೋ ಅವರವರಿಗೇ ಗೊತ್ತು. ಜೋಡಿ ಎತ್ತಿನ ಹಗ್ಗ ಹಿಡಿದು ಪಕ್ಕದಲ್ಲೇ ನಿಂತ ರೈತ ಆ ಟವೆಲನ್ನೇ ನೋಡುತ್ತಿರುತ್ತಾನೆ. ಅವನ ಎತ್ತಿನ ಬೆಲೆ ಎಷ್ಟರಿಂದ ಎಷ್ಟಕ್ಕೆ ಏರಿತು, ಎಲ್ಲಿ ನಿಂತಿತು, ಅದರಲ್ಲಿ ಅವನಿಗೆ ಹೇಳಿದ್ದೆಷ್ಟು ಎಂಬುದು ಅವನಿಗೆ ತಿಳಿಯುವುದಿಲ್ಲ. ಬೆಲೆ ಅಲ್ಲಿಯೂ ಸುದ್ದಿಯೇ. ಯಾರಿಗೆ ಸುದ್ದಿ ಎಂಬುದಷ್ಟೇ ಪ್ರಶ್ನೆ. ಟವೆಲನ್ನು ಆಕಾಶದಿಂದ ಯಾರೂ ಬೀಳಿಸಲಿಲ್ಲ, ಮನುಷ್ಯರೇ ಹೊದಿಸಿದ್ದು. ಈರುಳ್ಳಿಗೆ ರಫ್ತು ನಿಷೇಧ ಹೊದಿಸುವ ಸರ್ಕಾರದ ಕೈಯಲ್ಲಿರುವುದೂ ಒಂದು ಟವೆಲ್ಲೇ.

ಕಬ್ಬಿನ ಗಾಡಿ ಇನ್ನೂ ಒಳ್ಳೆಯ ಉದಾಹರಣೆ. 2025–26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ದರ ಕ್ವಿಂಟಲಿಗೆ 355 ರೂಪಾಯಿ, ಅದೂ ಸಕ್ಕರೆ ಇಳುವರಿ ಶೇ 10.25 ಇದ್ದರೆ. ಇಳುವರಿ ಹೆಚ್ಚಾದರೆ ದರ ಹೆಚ್ಚು, ಕಮ್ಮಿಯಾದರೆ ಕಮ್ಮಿ. ನೋಡಲು ಚೊಕ್ಕ ಸೂತ್ರ. ಆ ಇಳುವರಿ, ರೈತರ ಬಾಯಲ್ಲಿ ‘ರಿಕವರಿ’, ಅಳೆಯುವುದು ಎಲ್ಲಿ? ಕಾರ್ಖಾನೆಯ ಲ್ಯಾಬಿನಲ್ಲಿ. ತೂಕ ಮಾಡುವುದು? ಕಾರ್ಖಾನೆಯ ವೇಬ್ರಿಡ್ಜಿನಲ್ಲಿ. ವರ್ಷವಿಡೀ ಬೆಳೆಸಿದವನಿಗೆ ತನ್ನ ಕಬ್ಬಿನಲ್ಲಿ ಎಷ್ಟು ಸಕ್ಕರೆ ಇದೆ ಎಂಬುದನ್ನು ಕೊಳ್ಳುವವನು ಹೇಳಬೇಕು, ಅವನು ನಂಬಬೇಕು. ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ 2025ರ ನವೆಂಬರ್‌ನಲ್ಲಿ ಸಾವಿರಾರು ರೈತರು ರಸ್ತೆಯ ಮೇಲೇ ಅಡುಗೆ ಮಾಡಿಕೊಂಡು ಕೂತು ಟನ್ನಿಗೆ 3,500 ಕೇಳಿದರು. ಸರ್ಕಾರ 3,300ಕ್ಕೆ ಒಪ್ಪಿಸಿತು. ಪತ್ರಿಕೆಗಳಲ್ಲಿ ಬಂದದ್ದು ಈ ಎರಡು ಸಂಖ್ಯೆಗಳ ನಡುವಿನ ಹಗ್ಗಜಗ್ಗಾಟ. ಕಾಟಾ ಯಾರದು, ಲ್ಯಾಬ್ ಯಾರದು ಎಂಬ ಸಿಟ್ಟು ಅದರಷ್ಟೇ ಹಳೆಯದು. ಹೊರಗೆ ತೂಗಿಸಿಕೊಂಡು ಬಂದ ಟ್ರ್ಯಾಕ್ಟರಿನ ಚೀಟಿಯನ್ನು ಕಾರ್ಖಾನೆ ಚೀಟಿಯ ಪಕ್ಕ ಹಿಡಿದು ನೋಡುವ ರೈತ ಜ್ಞಾನ ಚದುರಿಕೊಂಡಿದೆ ಎಂಬ ಸಿದ್ಧಾಂತಕ್ಕೆ ನಕ್ಕಾನು. ಚದುರಿಲ್ಲ ಸ್ವಾಮಿ, ಒಂದೇ ಕಾಂಪೌಂಡಿನೊಳಗೆ ಬೀಗ ಹಾಕಿಟ್ಟಿದ್ದಾರೆ ಎಂದಾನು.

ಬೆಲೆಗೆ ಕಿವಿ ಇದೆ, ಆದರೆ ಅದು ಕೇಳಿಸಿಕೊಳ್ಳುವುದು ದುಡ್ಡಿನ ಸದ್ದನ್ನು ಮಾತ್ರ. 1943ರ ಬಂಗಾಳ ಕ್ಷಾಮದಲ್ಲಿ ಲಕ್ಷಗಟ್ಟಲೆ ಜನ, ಇಪ್ಪತ್ತು ಲಕ್ಷಕ್ಕೂ ಮೀರಿ, ಸತ್ತರು. ಅಕ್ಕಿ ಇರಲೇ ಇಲ್ಲವೆಂದು ಸತ್ತದ್ದಲ್ಲ, ಕೂಲಿಯವರ, ಮೀನುಗಾರರ ಕೈಯಲ್ಲಿ ಅಕ್ಕಿ ಕೊಳ್ಳುವ ಶಕ್ತಿ ಇರಲಿಲ್ಲ ಎಂದು ಅಮರ್ತ್ಯ ಸೆನ್ ಲೆಕ್ಕ ಹಾಕಿ ತೋರಿಸಿದರು. ಯುದ್ಧದ ಖರ್ಚಿನಿಂದ ಕಲ್ಕತ್ತೆಯಲ್ಲಿ ಕೈತುಂಬ ಕಾಸಿತ್ತು, ಅಕ್ಕಿಯನ್ನು ಬೆಲೆ ಅಲ್ಲಿಗೆ ಕರೆದೊಯ್ದಿತು. ಬೆಲೆ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಹಸಿದವನಷ್ಟು ಖಚಿತವಾಗಿ ತನಗೆ ಬೇಕಾದದ್ದೇನೆಂದು ಗೊತ್ತಿರುವವರು ಯಾರೂ ಇಲ್ಲ. ಆ ತಿಳಿವಳಿಕೆ ಮಾರುಕಟ್ಟೆಯನ್ನು ಮುಟ್ಟಲೇ ಇಲ್ಲ.

ಕಾಸಿದ್ದರೂ ಕೇಳಿಸದೆ ಹೋಗಬಹುದು. ‘ಟು ಲೆಟ್’ ಬೋರ್ಡು ನೋಡಿ ಫೋನ್ ಮಾಡಿ. ಬಾಡಿಗೆ, ಅಡ್ವಾನ್ಸ್ ಎಲ್ಲ ಹೇಳಿದ ಮೇಲೆ ಆ ಕಡೆಯಿಂದ ಒಂದು ಸಣ್ಣ ಮೌನ. ‘ಪ್ಯೂರ್ ವೆಜ್ಜಾ?’ ಆಮೇಲೆ, ‘ಯಾವ ಜನ ನೀವು? ತಪ್ಪು ತಿಳ್ಕೋಬೇಡಿ, ನಮ್ಮ ಅತ್ತೆ ಇದ್ದಾರೆ, ಹಳೇ ಕಾಲದವರು’. ಮರುದಿನ ‘ಬೇರೆಯವರಿಗೆ ಕೊಟ್ಟಾಯ್ತು’. ಬೋರ್ಡು ಮಾತ್ರ ಇನ್ನೂ ಮೂರು ವಾರ ತೂಗುತ್ತಿರುತ್ತದೆ. ಅಷ್ಟೇ ಬಾಡಿಗೆ ಕೊಡಲು ಸಿದ್ಧನಿದ್ದವನ ರೂಪಾಯಿ ಅಲ್ಲಿ ಚಲಾವಣೆಯಲ್ಲಿಲ್ಲ.

ಇದನ್ನು ಹಯೆಕ್ ಪ್ರಬಂಧಕ್ಕಿಂತ ಒಂಬತ್ತು ವರ್ಷ ಮೊದಲೇ ಅಂಬೇಡ್ಕರ್ ಅರ್ಥಶಾಸ್ತ್ರದ ಭಾಷೆಯಲ್ಲೇ ಹೇಳಿದ್ದರು. 1936ರಲ್ಲಿ ಲಾಹೋರಿನ ಸಭೆಗೆಂದು ಬರೆದು, ಅಲ್ಲಿ ಓದಲು ಅವಕಾಶ ಸಿಗದೆ ತಾವೇ ಅಚ್ಚು ಹಾಕಿಸಿದ ಭಾಷಣದಲ್ಲಿ, ಜಾತಿ ಶ್ರಮದ ವಿಭಜನೆ ಮಾತ್ರವಲ್ಲ, ಶ್ರಮಿಕರನ್ನೇ ವಿಭಜಿಸುವ ವ್ಯವಸ್ಥೆ ಎಂದರು. ಉದ್ಯಮ ಒಂದೇ ಕಡೆ ನಿಲ್ಲುವುದಿಲ್ಲ. ಒಂದು ಕಸುಬು ಕುಸಿದರೆ ಮನುಷ್ಯ ಇನ್ನೊಂದಕ್ಕೆ ಹಾರಬೇಕು. ಜಾತಿ ಹಾಗೆ ಹಾರಲು ಬಿಡುವುದಿಲ್ಲ, ಆದ್ದರಿಂದ ದೇಶದ ನಿರುದ್ಯೋಗಕ್ಕೆ ಅದೇ ನೇರ ಕಾರಣಗಳಲ್ಲೊಂದು ಎಂದು ವಾದಿಸಿದರು. ಯಾರು ಯಾವ ಕೆಲಸ ಮಾಡಬೇಕೆಂದು ಹುಟ್ಟುವ ಮೊದಲೇ ಬರೆದಿಡುವ ಯೋಜನಾ ಮಂಡಳಿ ಇದಲ್ಲದೆ ಇನ್ನೇನು? ಮಾಸ್ಕೋದ ಸೋವಿಯತ್ ಯೋಜನಾ ಮಂಡಳಿ ಸುಮಾರು ಎಪ್ಪತ್ತು ವರ್ಷಕ್ಕೆ ಬಾಗಿಲು ಹಾಕಿತು. ಇದಕ್ಕೆ ಸಾವಿರಾರು ವರ್ಷ. ಮುಕ್ತ ಮಾರುಕಟ್ಟೆಯ ಪರವಾಗಿ ಭಾರತದಲ್ಲಿ ಮಾತಾಡುವವರು ಲೈಸೆನ್ಸ್ ರಾಜ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಈ ಹಳೆಯ ಲೈಸೆನ್ಸ್ ರಾಜ್ ಬಗ್ಗೆ ಅವರ ಗಂಟಲು ಒಣಗುತ್ತದೆ.

ಹಯೆಕ್ ವಾದ ಸಾಮಾಜಿಕ ನ್ಯಾಯವನ್ನು ಮುಗಿಸಿಬಿಡುತ್ತದೆ ಎಂದು ನನಗನಿಸುವುದಿಲ್ಲ. ನ್ಯಾಯವನ್ನು ಹೇಗೆ ಮಾಡಬಾರದು ಎಂದು ಅದು ಹೇಳುತ್ತದೆ. ಯಾರಿಗೆ ಏನು ಬೇಕೆಂದು ಮೇಲೆ ಕೂತವರಿಗೆ ಗೊತ್ತು ಎಂಬ ಭ್ರಮೆಯಿಂದ ಹೊರಟ ನ್ಯಾಯ ರೋಸ್ ಈರುಳ್ಳಿಯ ಗತಿ ಕಾಣುತ್ತದೆ. ಆದರೆ ಮಾರುಕಟ್ಟೆಯ ಕಿವಿಗೂ ಬೀಳದ, ಸರ್ಕಾರದ ಕಣ್ಣಿಗೂ ಕಾಣದ ತಿಳಿವಳಿಕೆ ಒಂದಿದೆಯಲ್ಲ, ಟವೆಲ್ ನೋಡುತ್ತಾ ನಿಂತವನದು, ಕಾಟಾದ ಹೊರಗಿರುವವನದು, ಬಾಡಿಗೆ ಮನೆ ಸಿಗದವನದು, ಅದನ್ನು ಒಳಗೆ ಬಿಡಿ ಎಂದು ಕೇಳುವುದೇ ಸಾಮಾಜಿಕ ನ್ಯಾಯ. ಜಾನ್ ರಾಲ್ಸ್‌ನಂಥ ನ್ಯಾಯದ ತತ್ವಜ್ಞಾನಿಯ ಜೊತೆಗೇ ತಮ್ಮ ಭಿನ್ನಾಭಿಪ್ರಾಯ ತಿರುಳಿಗಿಂತ ಮಾತಿನದ್ದೇ ಹೆಚ್ಚು ಎಂದು ಹಯೆಕ್ ಒಪ್ಪಿಕೊಂಡಿದ್ದರು. ಅವರ ಹೆಸರಿನಲ್ಲಿ ಜಗಳ ಆಡುವವರು ಅಷ್ಟು ದೂರ ಓದುವುದಿಲ್ಲ.

ಒಳಗೆ ಬಿಡುವುದು ಎಂದರೆ ಎಣಿಸುವುದೂ ಹೌದು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ಜಾತಿವಾರು ಸಮೀಕ್ಷೆಗೆಂದು ವಿದ್ಯುತ್ ಮೀಟರ್ ಹಿಡಿದು ಮನೆ ಗುರುತಿಸಿ, ಅರವತ್ತು ಪ್ರಶ್ನೆಗಳ ಪಟ್ಟಿ ಹಿಡಿಸಿ ಶಿಕ್ಷಕರನ್ನು ಮನೆಮನೆಗೆ ಕಳಿಸಿತು. ಕೆಲವರು ಬಾಗಿಲು ಹಾಕಿಕೊಂಡರು. ಅರವತ್ತು ಪ್ರಶ್ನೆಗೆ ಒಂದು ಮನೆಯ ಸತ್ಯ ಸಿಗುತ್ತದೆಯೇ ಎಂಬ ಅನುಮಾನ ನನಗೂ ಇದೆ. ಆದರೆ ಯಾವ ಕಚೇರಿಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ಯಾವ ಬೆಲೆಪಟ್ಟಿಯೂ ಹೇಳುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲೆಷ್ಟು ಎಂದು ನೋಡಲು ನಾಲ್ವಡಿಯವರು ಮಿಲ್ಲರ್ ಸಮಿತಿ ನೇಮಿಸದಿದ್ದರೆ ಆ ಲೆಕ್ಕ ಆಗಲೂ ಹೊರಬರುತ್ತಿರಲಿಲ್ಲ.

ಅಕ್ಕಿಗೆ ಮರಳುತ್ತೇನೆ. ದುಡ್ಡು ಕೊಡುವುದು ಹಯೆಕ್‌ಗೆ ಹಿಡಿಸುವ ದಾರಿ: ಸರ್ಕಾರ ಏನೂ ತಿಳಿದುಕೊಳ್ಳಬೇಕಿಲ್ಲ, ಮನೆಯವರೇ ತೀರ್ಮಾನಿಸುತ್ತಾರೆ. ಅಕ್ಕಿ ಕೊಡುವುದೆಂದರೆ ಮುದ್ದೆ ಉಣ್ಣುವ ಮಂಡ್ಯಕ್ಕೂ, ರೊಟ್ಟಿ ತಿನ್ನುವ ಕಲಬುರಗಿಗೂ, ಕುಚ್ಚಲಕ್ಕಿಯ ಗಂಜಿ ಬೇಕೆನ್ನುವ ಉಡುಪಿಗೂ ಒಂದೇ ಚೀಲ ಇಳಿಸುವುದು. ಆಮೇಲೆ ರಾಗಿ, ಜೋಳ ಸೇರಿಸಿ ತೇಪೆ ಹಾಕುವುದು. ಹಾಗಾದರೆ ದುಡ್ಡೇ ಸರಿಯಲ್ಲವೇ? 2011ರಲ್ಲಿ ಅರ್ಥಶಾಸ್ತ್ರಜ್ಞರಾದ ಜೀನ್ ಡ್ರೇಜ್, ರೀತಿಕಾ ಖೇರಾ ಮತ್ತು ಅವರ ತಂಡ ಒಂಬತ್ತು ರಾಜ್ಯಗಳಲ್ಲಿ ಪಡಿತರದಾರರನ್ನೇ ಕೇಳಿತು. ಮೂರನೇ ಎರಡಕ್ಕಿಂತ ಹೆಚ್ಚು ಮನೆಯವರು ಧಾನ್ಯವೇ ಇರಲಿ ಎಂದರು. ಅಂಗಡಿ ನೆಟ್ಟಗೆ ನಡೆಯದ ಬಿಹಾರದಲ್ಲಿ ಮಾತ್ರ ದುಡ್ಡು ಕೇಳಿದವರು ಹೆಚ್ಚು. ಅಂದರೆ ಜನ ಸಿದ್ಧಾಂತ ನೋಡಿ ಉತ್ತರ ಕೊಡಲಿಲ್ಲ. ಅಂಗಡಿ ಎಷ್ಟು ದೂರ, ಬ್ಯಾಂಕ್ ಎಷ್ಟು ದೂರ, ಬೆಲೆ ಏರಿದರೆ ದುಡ್ಡೂ ಏರುತ್ತದೆಯೇ ಎಂದೆಲ್ಲ ನೋಡಿ ಕೊಟ್ಟರು. ಕೊನೆಯ ಅನುಮಾನ ಸುಳ್ಳಲ್ಲ. ಆ 34 ರೂಪಾಯಿ ಆಹಾರ ನಿಗಮದ ದರ. ತಕ್ಕಮಟ್ಟಿನ ಅಕ್ಕಿ ಕಿರಾಣಿ ಅಂಗಡಿಯಲ್ಲಿ ಐವತ್ತು ದಾಟಿದ್ದ ಹೊತ್ತಿನಲ್ಲಿ 170 ರೂಪಾಯಿಗೆ ಐದು ಕೆಜಿ ಬರುತ್ತಿರಲಿಲ್ಲ, ಮೂರು ಚಿಲ್ಲರೆ ಬರುತ್ತಿತ್ತು.

2025ರ ಫೆಬ್ರುವರಿಯಲ್ಲಿ ಸರ್ಕಾರ ದುಡ್ಡು ನಿಲ್ಲಿಸಿ ಅಕ್ಕಿಯನ್ನೇ ಕೊಡಲು ಹೊರಟಿತು. ಅದೇ ಅಕ್ಟೋಬರ್‌ನಲ್ಲಿ, ಅಕ್ಕಿ ಹೆಚ್ಚಾಗಿ ಕಾಳಸಂತೆಗೆ ಹೋಗುತ್ತಿದೆ ಎಂದು, ಹೆಚ್ಚುವರಿ ಐದು ಕೆಜಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ‘ಇಂದಿರಾ ಕಿಟ್’ ಕೊಡಲು ಸಂಪುಟ ಒಪ್ಪಿತು. ಎರಡೂವರೆ ವರ್ಷದೊಳಗೆ ಮೂರು ಉತ್ತರ. ಮೂರರಲ್ಲೂ ಒಂದೇ ದೋಷ: ಒಂದೂಕಾಲು ಕೋಟಿಯ ಸುಮಾರಿನ ಕಾರ್ಡುಗಳಿಗೆಲ್ಲ ಒಂದೇ ಉತ್ತರ. ಕಾರ್ಡಿನಲ್ಲೇ ಒಂದು ಆಯ್ಕೆ ಇಡಬಾರದೇಕೆ? ಅಕ್ಕಿಯೋ, ರಾಗಿಯೋ, ಜೋಳವೋ, ಕಿಟ್ಟೋ, ದುಡ್ಡೋ, ಆರು ತಿಂಗಳಿಗೊಮ್ಮೆ ಮನೆಯ ಹೆಂಗಸು ಹೆಬ್ಬೆಟ್ಟು ಒತ್ತಿ ಬದಲಿಸಬಹುದು ಎಂದು. ದಾಸ್ತಾನಿನ ಲೆಕ್ಕ ಕಷ್ಟವಾಗುತ್ತದೆ, ಗೋದಾಮಿನವರು ಗೊಣಗುತ್ತಾರೆ, ಹಳ್ಳಿಯ ಸಣ್ಣ ಅಂಗಡಿಗೆ ಐದು ಬಗೆಯ ಸರಕು ಹೊರುವುದು ಭಾರ. ಒಪ್ಪುತ್ತೇನೆ. ಆದರೂ ಆ ಮೂವರು ಹೆಂಗಸರ ಮೂರು ಉತ್ತರಗಳಿಗೆ ಅಲ್ಲಿ ಜಾಗವಿರುತ್ತದೆ.

ಮೊನ್ನೆ ಹೆಬ್ಬೆಟ್ಟಿಗೆ ಹಬೆ ಊದಿದ ಹೆಂಗಸು ಅಕ್ಕಿ ಹೊತ್ತು ಅಂಗಡಿಯಿಂದ ಹೊರಬಂದರು. ರಸ್ತೆಯ ತಿರುವಿನಲ್ಲಿ ಟಿವಿಎಸ್ ಎಕ್ಸೆಲ್ ನಿಲ್ಲಿಸಿಕೊಂಡು ಒಬ್ಬ ಕಾಯುತ್ತಿದ್ದ, ಹ್ಯಾಂಡಲ್ಲಿಗೆ ಕೊಕ್ಕೆಯ ತಕ್ಕಡಿ. ಅರ್ಧ ಚೀಲ ಅವನ ಗೋಣಿಗೆ ಬಿತ್ತು.

‘ಹೋದ ತಿಂಗಳು ಎರಡು ರೂಪಾಯಿ ಜಾಸ್ತಿ ಕೊಟ್ಟಿದ್ದೆಯಲ್ಲೋ?’

‘ಈ ತಿಂಗಳು ಎಲ್ಲರೂ ಮಾರ್ತಿದಾರಕ್ಕ. ಏನು ಮಾಡ್ಲಿ?’

ಅವರು ಒಂದು ಗಳಿಗೆ ಸಾಲಿನ ಕಡೆ ತಿರುಗಿ ಇನ್ನೂ ಎಷ್ಟು ಚೀಲ ಬಾಕಿ ಇವೆ ಎಂದು ಎಣಿಸಿ, ಕೈ ಚಾಚಿದರು.